ಹತ್ತನೆಯ ಬಿದಿರು

ನಮ್ಮ ಗುಡಿಯ ದೇವರು ಹೆಚ್ಚು ಮಾತಿನವನಲ್ಲ. ವರ್ಷಕ್ಕೆ ಒಂದೇ ಸಲ, ಜನವರಿ ಹದಿನೈದರ ಬೆಳಿಗ್ಗೆ, ಗಂಜಿಯ ಮೂಲಕ ಒಂದೆರಡು ಮಾತಾಡುತ್ತಾನೆ. ಉಳಿದ ದಿನವೆಲ್ಲ ಕಡಲಿನ ಸದ್ದು ಕೇಳುತ್ತ ಕೂತಿರುತ್ತಾನೆ. ಅವನ ಪೂಜೆ ನಮ್ಮ ಮನೆತನಕ್ಕೆ ಹನ್ನೊಂದು ತಲೆಯಿಂದ ಬಂದದ್ದು. ನನಗೀಗ ಎಪ್ಪತ್ತೆರಡು. ಹೇಳಬೇಕಾದ್ದನ್ನು ನೆನಪು ಮಾಸುವ ಮುಂಚೆ ಹೇಳಿಬಿಡಬೇಕು.

ಅಕ್ಕಿ, ಕೆಂಪು ಕಾಳು ಹಾಕಿ ಕಬ್ಬಿಣದ ದೊಡ್ಡ ಕಡಾಯಿಯಲ್ಲಿ ಗಂಜಿ ಕಾಯಿಸುತ್ತೇವೆ. ಗೇಣುದ್ದದ ಒಂಬತ್ತು ಬಿದಿರಿನ ಕೊಳವೆಗಳನ್ನು ಹುಲ್ಲುಹಗ್ಗದಿಂದ ಒಟ್ಟಿಗೆ ಕಟ್ಟಿ, ಕುದಿ ಬಂದಾಗ ಅದರೊಳಗೆ ಬಿಡುತ್ತೇವೆ. ಬೂತಾಯಿ ಮೀನಿಗೊಂದು, ಬಂಗುಡೆಗೊಂದು, ಹತ್ತು ಕೈಯ ಬೊಂಡಾಸಕ್ಕೊಂದು, ಕಡಲಪಾಚಿಗೆ, ಭತ್ತಕ್ಕೆ, ಜವೆಗೋಧಿಗೆ, ಮೂಲಂಗಿಗೆ, ಗಾಳಿಗೆ, ಕೊನೆಯದು ಕಡಲಿಗೆ. ಆಮೇಲೆ ಎತ್ತಿ ಒಂದೊಂದನ್ನೇ ಸೀಳಿ ನೋಡುವುದು. ಒಳಗೆ ಗಂಜಿ ಏರಿದ್ದರೆ ‘ತುಂಬು’, ಅರ್ಧಕ್ಕೆ ನಿಂತಿದ್ದರೆ ‘ನಡು’, ಇಲ್ಲದಿದ್ದರೆ ‘ಬರಿದು’. ಹಾಗೆಂದು ಹಲಗೆಯ ಮೇಲೆ ಮಸಿಯಲ್ಲಿ ಬರೆದು ಗುಡಿಯ ಬಾಗಿಲಿಗೆ ತೂಗಹಾಕುತ್ತೇನೆ. ಎಳೆಯರು ನಗುತ್ತಾರೆ, ಆದರೂ ದೋಣಿಗೆ ಹೋಗುವಾಗ ಕತ್ತೆತ್ತಿ ಓದಿಯೇ ಹೋಗುತ್ತಾರೆ.

ಈಶಾನ್ಯದ ಕರಾವಳಿಗೆ ದೈತ್ಯ ಅಲೆ ಬಡಿದು, ಅಲ್ಲಿಯ ಅಣುಸ್ಥಾವರ ಒಡೆದ ಆ ದುರಂತ ನಡೆದು ಹನ್ನೊಂದು ವರ್ಷವಾಗಿತ್ತು. ಗಂಜಿಯ ಹಬ್ಬಕ್ಕೆ ನಾಲ್ಕು ದಿನವಿದ್ದಾಗ ಮೀನುಗಾರರ ಸಂಘದ ಮುಖ್ಯಸ್ಥ ಇಸೊಗಾಯ್ ಗುಡಿಗೆ ಬಂದ. ಕೈಯಲ್ಲಿ ಅಕ್ಕಿಮದ್ಯ ಸಾಕೆಯ ಒಂದು ಬಾಟಲಿ, ಒಂದು ಕಟ್ಟು ಒಣ ಬೊಂಡಾಸ. ಬಾಟಲಿ ದೊಡ್ಡದಾಗಿದ್ದರೆ ಬೇಡಿಕೆಯೂ ದೊಡ್ಡದಿರುತ್ತದೆ ಎಂದು ನನ್ನ ಅನುಭವ.

“ಪೂಜಾರಿಗಳೇ, ಈ ಸಲ ಹತ್ತು ಕೊಳವೆ ಇಡ್ಬೇಕು,” ಅಂದ.

“ಹತ್ತನೇದು ಯಾರಿಗೆ?”

“ಕಾಗೆಮೂಗಿಗೆ.”

ಕಾಗೆಮೂಗು ನಮ್ಮ ಕೊಲ್ಲಿಯ ದಕ್ಷಿಣಕ್ಕೆ ಕಡಲೊಳಗೆ ಚಾಚಿದ ಚೂಪು ನೆಲ. ಕಡಲಪಾಚಿ ಹುಲುಸಾಗಿ ಬೆಳೆಯುವ ಜಾಗ. ಪಕ್ಕದ ಕೊಲ್ಲಿಯಲ್ಲಿ ಐವತ್ತು ವರ್ಷದ ಹಿಂದೆ ಕಟ್ಟಿದ ಎರಡು ಅಣುಸ್ಥಾವರಗಳು ಆ ದುರಂತದ ನಂತರ ಆರಿ ತಣ್ಣಗೆ ಕೂತಿದ್ದವು. ಈಗ ಕಂಪನಿಯವರು ಕಾಗೆಮೂಗಿನ ಮೇಲೆ ಹೊಸದೊಂದನ್ನು ಕಟ್ಟುತ್ತೇವೆ ಎಂದು ಹೊರಟಿದ್ದರು. ಅದಕ್ಕೆ ನಮ್ಮ ಸಂಘ ಅಲ್ಲಿಯ ಮೀನುಗಾರಿಕೆಯ ಹಕ್ಕು ಬಿಟ್ಟುಕೊಡಬೇಕು. ಸಂಘದಲ್ಲಿ ಮೂವತ್ತನಾಲ್ಕು ಜನ. ಮೂರರಲ್ಲಿ ಎರಡು ಪಾಲು ಎಂದರೆ ಇಪ್ಪತ್ತಮೂರು ಕೈ ಏಳಬೇಕು.

“ಹತ್ತೊಂಬತ್ತು ಕೈ ನನ್ನ ಹತ್ರ ಇದೆ,” ಅಂದ ಇಸೊಗಾಯ್. “ಒಂಬತ್ತು ಜನ ಬೇಡ ಅಂತಾರೆ, ನಿಮ್ಮಕ್ಕನೇ ಅವರ ಮುಂದಾಳು. ಇನ್ನಾರು ಜನ ಇದಾರಲ್ಲ, ಅವರು ‘ಗಂಜಿ ಏನನ್ನುತ್ತೋ ನೋಡೋಣ’ ಅಂತ ಕೂತಿದಾರೆ. ಫೆಬ್ರವರೀಲಿ ಸಾರ್ವಜನಿಕ ಸಭೆ. ಅವತ್ತೇ ಸಂಜೆ ಮತ.”

“ದೇವರನ್ನ ಇದಕ್ಕೂ ಎಳೀಬೇಕಾ?”

“ನಾನು ಎಳೀತಿಲ್ಲ, ನಿಮ್ಮಪ್ಪ ಎಳೆದದ್ದು. ಮೊದಲ ಸ್ಥಾವರಕ್ಕೆ ಅವರೂ ಹತ್ತನೇ ಬಿದಿರು ಇಟ್ಟಿದ್ರು. ತುಂಬು ಬಂತು. ಊರು ಐವತ್ತು ವರ್ಷ ಉಂಡಿತು. ಹುಟ್ಟಿದ ಮಗೂಗೆ ಹೆಸರಿಡೋಕೆ ಬರ್ತೀರಿ, ಹೊಸ ದೋಣಿಗೆ ಹರಸೋಕೆ ಬರ್ತೀರಿ. ಇದಕ್ಕೆ ಮಾತ್ರ ಬಾಯಿ ಕಟ್ಟಿಕೊಂಡ್ರೆ ಅದೂ ಒಂದು ಉತ್ತರಾನೇ ತಾನೆ?”

ಅವನು ಕೆಟ್ಟವನಲ್ಲ. ಊರಿನ ಶಾಲೆ ಮುಚ್ಚಿದ ದಿನ ಗಂಟೆಯನ್ನು ಬಿಚ್ಚಿ ತನ್ನ ಮನೆಗೆ ಒಯ್ದು, ಇವತ್ತಿಗೂ ಒರೆಸಿಡುವವನು. ನಾನು ಆಗಲಿ ಎಂದೆ.

ಅವನು ಹೋದ ಮೇಲೆ ಒಳಗಿನ ಪೆಟ್ಟಿಗೆ ತೆರೆದೆ. ಅಪ್ಪ ತೀರಿಕೊಂಡ ವರ್ಷ ಅದರ ತಳದಲ್ಲಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಬಿದಿರಿನ ಕೊಳವೆ ನನಗೆ ಸಿಕ್ಕಿತ್ತು, ಎರಡು ಸೀಳಾಗಿ. ಮೈಮೇಲೆ ಹತ್ತನೆಯದೆಂದು ಹತ್ತು ಗೀರಿನ ಗುರುತು. ಉಳಿದ ಕೊಳವೆಗಳ ಬಾಯನ್ನು ನಾವು ನೇರವಾಗಿ ಕತ್ತರಿಸುತ್ತೇವೆ. ಇದರದ್ದನ್ನು ಹಕ್ಕಿಯ ಕೊಕ್ಕಿನಂತೆ ಓರೆಯಾಗಿ, ಅಗಲವಾಗಿ ಕೊಯ್ದಿದ್ದರು. ಅಂಥ ಬಾಯಿ ಗಂಜಿಯಲ್ಲಿ ಬಿದ್ದರೆ ಕಾಳೆಲ್ಲ ಅದಕ್ಕೇ ನುಗ್ಗುತ್ತವೆ. ಕೊಳವೆಯನ್ನು ಪೂಜಾರಿ ಹಿಂದಿನ ಸಂಜೆ ಬಾಗಿಲು ಹಾಕಿಕೊಂಡು ಒಬ್ಬನೇ ಕೊಯ್ಯಬೇಕು, ಇನ್ನೊಬ್ಬರ ಕಣ್ಣು ಬೀಳಬಾರದು ಎಂಬುದು ನಮ್ಮಲ್ಲಿ ಕಟ್ಟಳೆ. ದೇವರ ಗುಟ್ಟಿಗೆಂದು ಮಾಡಿದ ಬಾಗಿಲನ್ನು ಅಪ್ಪ ತನ್ನ ಗುಟ್ಟಿಗೆ ಹಾಕಿಕೊಂಡಿದ್ದ. ಅದನ್ನು ಕೊಯ್ದ ವರ್ಷವೇ ಕಂಪನಿಯಿಂದ ಗುಡಿಗೆ ಹೊಸ ಹೆಂಚು ಬಂತು, ಬಾಗಿಲಲ್ಲಿ ಕಲ್ಲಿನ ಜೋಡಿ ಸಿಂಹ ಬಂತು. ಆ ಕೊಳವೆಯನ್ನು ಕಂಡೂ ಹದಿನಾಲ್ಕು ವರ್ಷ ನಾನು ಬಾಯಿ ಬಿಟ್ಟಿರಲಿಲ್ಲ. ಸತ್ತ ತಂದೆಯ ಮಾನ ಎಂದುಕೊಂಡಿದ್ದೆ. ನನ್ನ ಸುಖ ಎಂದು ಈಗ ಅನ್ನಿಸುತ್ತದೆ.

ಮಾರನೆಯ ದಿನ ಅಕ್ಕ ಬಂದಳು. ತೊಯೊ ಅಕ್ಕನಿಗೆ ಎಂಬತ್ತು ದಾಟಿದೆ, ಚಳಿಗಾಲದಲ್ಲೂ ಕಾಗೆಮೂಗಿನ ಬಂಡೆಗಳ ಮೇಲೆ ಪಾಚಿ ಕೊಯ್ಯುತ್ತಾಳೆ. ಬುಟ್ಟಿಯನ್ನು ಜಗಲಿಯ ಮೇಲೆ ಕುಕ್ಕಿದಳು.

“ಕುನಿ, ಹತ್ತನೇ ಬಿದಿರು ಇಡ್ತೀಯಂತೆ.”

“ಇಡ್ತೀನಿ.”

“ಗೆಣ್ಣು ಬಿಟ್ಟು ಕೊಯ್ಯಿ.”

ಕೊಳವೆಯ ಒಳಗಿನ ಗೆಣ್ಣನ್ನು ತೂತು ಮಾಡದೆ ಬಿಟ್ಟರೆ ಒಂದು ಕಾಳೂ ಏರುವುದಿಲ್ಲ. ನಾನು ಅವಳ ಮುಖ ನೋಡಿದೆ.

“ಹಾಗೆ ನೋಡ್ಬೇಡ,” ಅಂದಳು. “ಅಪ್ಪ ಕೊಯ್ದದ್ದನ್ನ ಬಾಗಿಲ ಸಂದೀಲಿ ನಾನು ಕಂಡಿದೀನಿ. ಆಗ ನನಗೆ ಮೂವತ್ತು. ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು ಕಣೋ. ಅಪ್ಪ ಒಂದು ಏಟಿಗೆ ತುಂಬಿಸಿದ, ನೀನು ಒಂದು ಏಟಿಗೆ ಬರಿದು ಮಾಡು.”

“ದೇವರ ಮುಂದೆ ಎರಡನೇ ಸುಳ್ಳು?”

“ಮೊದಲನೇದನ್ನ ನುಂಗಿದ ದೇವರಿಗೆ ಎರಡನೇದು ಅಜೀರ್ಣ ಆಗುತ್ತಾ?” ಬುಟ್ಟಿ ಎತ್ತಿಕೊಂಡಳು. “ಇಡೀ ಊರು ನಿನ್ನ ಚಾಕುವಿನ ತುದೀಲಿ ಕೂತಿದೆ. ನೀನು ಮಡಿ ಮಡಿ ಅಂತಿರು.”

ಅವಳು ಹೋದ ಮೇಲೆ ಅಡುಗೆಮನೆಗೆ ಹೋದೆ. ಚಿಗುಸಾ ಕಡಾಯಿಗೆ ಎಣ್ಣೆ ಒರೆಸುತ್ತಿದ್ದಳು. ಆಕೆ ಆ ಈಶಾನ್ಯದ ಕರಾವಳಿಯವಳು. ಗಂಡನನ್ನು ಅಲೆಗೂ, ಮನೆಯನ್ನು ವಿಕಿರಣಕ್ಕೂ ಕೊಟ್ಟು, ನಾಲ್ಕು ಊರು ಅಲೆದು ನಮ್ಮ ಗುಡಿಯ ಹಿಂದಿನ ಎರಡು ಕೋಣೆಗೆ ಬಂದು ಏಳು ವರ್ಷವಾಗಿತ್ತು. ಗುಡಿಸುತ್ತಾಳೆ, ಬೇಯಿಸುತ್ತಾಳೆ, ಕೇಳಿದ್ದಕ್ಕಷ್ಟೇ ಮಾತಾಡುತ್ತಾಳೆ. “ಇನ್ನು ಗಂಟು ಕಟ್ಟಲ್ಲ, ಇಲ್ಲೇ ಮಣ್ಣಾಗ್ತೀನಿ” ಎಂದು ಒಮ್ಮೆ ಅಕ್ಕನ ಹತ್ತಿರ ಅಂದಿದ್ದಳಂತೆ.

“ಎಲ್ಲ ಕೇಳಿಸ್ತು ಪೂಜಾರಿಗಳೇ. ಗೋಡೆ ತೆಳ್ಳಗಿದೆ,” ಅಂದಳು.

“ನೀವೇನು ಹೇಳ್ತೀರಿ?”

ಅವಳು ಬಟ್ಟೆಯನ್ನು ಮಡಿಸಿದಳು. “ನಮ್ಮೂರ ಗುಡೀಲೂ ಗಂಜಿ ನೋಡ್ತಿದ್ವಿ. ಆ ವರ್ಷ ಜನವರೀಲಿ ಎಲ್ಲ ಬಿದಿರೂ ತುಂಬಿತ್ತು. ನೂರು ವರ್ಷದಲ್ಲಿ ಹಾಗೆ ಬಂದಿರಲಿಲ್ಲ ಅಂತ ಮುದುಕರು ಕುಣಿದ್ರು. ನಮ್ಮ ಪೂಜಾರಿ ಸುಳ್ಳು ಹೇಳೋರಲ್ಲ. ಎರಡು ತಿಂಗಳಿಗೆ ಮಾರ್ಚ್ ಬಂತು, ಅಲೆ ಬಂತು.”

ಸುಳ್ಳು ಕೊಯ್ದ ಬಿದಿರಿಗೆ ಹೆದರಿದ್ದೆ. ನಿಜ ಕೊಯ್ದದ್ದೂ ಹಾಗೇ ಸುಳ್ಳಾದರೆ ಕೈ ಎಲ್ಲಿಗೆ ಮುಗಿಯುವುದು?

“ಹಾಗಾದ್ರೆ ದೇವರು ಏನೂ ಹೇಳಲ್ಲ ಅಂತೀರಾ?”

“ಹೇಳ್ತಾನೇನೋ. ನಮಗೆ ಬೇಕಾದ್ದನ್ನ ಕೇಳ್ತೀವಿ,” ಅಂದು ಅವಳು ಕಡಾಯಿಯನ್ನು ಬೋರಲು ಹಾಕಿದಳು.

ಹದಿನಾಲ್ಕರ ಸಂಜೆ ಬಾಗಿಲು ಹಾಕಿಕೊಂಡೆ. ಬಿದಿರು, ಗರಗಸ, ಚಾಕು ಮುಂದಿದ್ದವು. ತುಂಬ ಹೊತ್ತು ಕೂತಿದ್ದೆ. ಕೊನೆಗೆ ಏನನ್ನೂ ಕೊಯ್ಯದೆ ಎದ್ದೆ.

ಬೆಳಿಗ್ಗೆ ಅಂಗಳದ ತುಂಬ ಜನ. ಹಬೆಯಂಥ ಉಸಿರು. ಕಡಾಯಿಯ ಕೆಳಗೆ ಚಿಗುಸಾ ಬೆಂಕಿ ಹಚ್ಚಿದ್ದಳು. ನಾನು ಇಡೀ ಬಿದಿರನ್ನು ತಂದು ಎಲ್ಲರೆದುರು ಚಾಪೆಯ ಮೇಲೆ ಇಟ್ಟೆ.

“ಇದೇನು ಪೂಜಾರಿಗಳೇ, ಮರೆತುಬಿಟ್ರಾ?” ಬಲೆ ಹೆಣೆಯುವ ಮಿನೆಜಿ ಕೇಳಿದ. ಗಂಜಿಗಾಗಿ ಕಾದಿದ್ದ ಆರು ಜನರಲ್ಲಿ ಅವನೊಬ್ಬ.

“ಮರೆತಿಲ್ಲ. ಈ ಸಲ ನಿಮ್ಮ ಮುಂದೆಯೇ ಕೊಯ್ತೀನಿ. ಯಾಕೆ ಅಂತ ಕೇಳಿ.” ಬಿಳಿ ಬಟ್ಟೆ ಬಿಚ್ಚಿ ಅಪ್ಪನ ಕೊಳವೆಯನ್ನು ಎತ್ತಿ ತೋರಿಸಿದೆ. ಓರೆ ಬಾಯನ್ನು ತೋರಿಸಿದೆ. ಹೇಳಬೇಕಾದ್ದು ನಾಲ್ಕೇ ಮಾತಿತ್ತು, ಹೇಳಿದೆ. ನಾನು ಹದಿನಾಲ್ಕು ವರ್ಷ ಬಚ್ಚಿಟ್ಟದ್ದನ್ನೂ ಹೇಳಿದೆ.

ಅಕ್ಕ ನೆಲ ನೋಡುತ್ತಿದ್ದಳು. ಹಿಂದಿನಿಂದ ಒಬ್ಬ ಮುದುಕ, “ಹಾಗಾದ್ರೆ ಆ ಕಲ್ಲಿನ ಸಿಂಹಗಳಿಗೆ ಇಷ್ಟು ವರ್ಷ ಸುಮ್ನೆ ನಮಸ್ಕಾರ ಮಾಡಿದ್ವಾ?” ಅಂದ. ಕೆಲವರು ನಕ್ಕರು. ನಗು ಬೇಗ ನಿಂತಿತು.

“ಇಸೊಗಾಯ್, ಗರಗಸ ನೀವು ಹಿಡೀರಿ. ಅಕ್ಕ, ಬಿದಿರು ನೀನು ಹಿಡಿ,” ಅಂದೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಹತ್ತೂ ಕೊಳವೆಗಳನ್ನು ನೇರವಾಗಿ, ಒಂದೇ ಅಳತೆಗೆ ಕೊಯ್ದರು. ನಾನು ಗೀರು ಹಾಕಿದೆ, ಕಟ್ಟಿದೆ, ಮಂತ್ರ ಹೇಳಿ ಕುದಿಗೆ ಬಿಟ್ಟೆ.

ತೆಗೆದು ಸೀಳಿದಾಗ ಬೂತಾಯಿ ನಡು, ಬೊಂಡಾಸ ಬರಿದು, ಪಾಚಿ ತುಂಬು. ಕೊನೆಗೆ ಹತ್ತನೆಯದನ್ನು ಸೀಳಿದೆ. ಗಂಜಿ ಸರಿಯಾಗಿ ಅರ್ಧಕ್ಕೆ ನಿಂತಿತ್ತು.

“ನಡು,” ಎಂದು ಓದಿದೆ.

ಮೂಲಂಗಿಗೂ ನಡುವೇ ಬಂದಿತ್ತು. ದೇವರು ಅಣುಸ್ಥಾವರವನ್ನೂ ಮೂಲಂಗಿಯನ್ನೂ ಒಂದೇ ಕಣ್ಣಿನಿಂದ ನೋಡಿದ್ದ. ಪ್ರಶ್ನೆಯನ್ನು ನಮ್ಮ ಮಡಿಲಿಗೇ ಮರಳಿ ಹಾಕಿದ ಎಂದು ನನಗೆ ತೋರಿತು. ಹಗುರಾದೆ. ಇನ್ನು ಜನ ತಮ್ಮ ತಲೆಯಿಂದಲೇ ಯೋಚಿಸುತ್ತಾರೆ ಎಂದುಕೊಂಡೆ. ಎಪ್ಪತ್ತು ವರ್ಷ ಇವರ ನಡುವೆ ಬದುಕಿ ಇವರನ್ನು ಅಷ್ಟೇ ತಿಳಿದಿದ್ದೆ.

ಸಭೆ ನಡೆದದ್ದು ಮುಚ್ಚಿದ ಶಾಲೆಯ ಹಜಾರದಲ್ಲಿ. ಚಪ್ಪಲಿ ಹೊರಗೆ, ಕಾಲಡಿಯಲ್ಲಿ ಮಂಜಿನಂಥ ನೆಲ. ರಾಜಧಾನಿಯಿಂದ ಬಂದ ಅಧಿಕಾರಿ ಪರದೆಯ ಮೇಲೆ ಅಲೆ ತಡೆಯುವ ಗೋಡೆಯ ಚಿತ್ರ ತೋರಿಸಿದ. ಹದಿನೆಂಟು ಮೀಟರ್ ಎತ್ತರ. ದೊಡ್ಡ ಅವಘಡ ಆಗುವ ಸಂಭವ ಹತ್ತು ಲಕ್ಷ ವರ್ಷಕ್ಕೆ ಒಮ್ಮೆ ಎಂದ.

ತೊಯೊ ಅಕ್ಕ ಎದ್ದು ನಿಂತಳು. “ಸ್ವಾಮಿ, ಆ ಹತ್ತು ಲಕ್ಷದಲ್ಲಿ ಇದು ಎಷ್ಟನೇ ವರ್ಷ ಅಂತ ನಿಮಗೆ ಗೊತ್ತಾ?”

ಹಜಾರ ನಕ್ಕಿತು. ಅಧಿಕಾರಿಯೂ ನಕ್ಕು, ಕಾಗದ ತಿರುವಿದ.

ಇಸೊಗಾಯ್ ನಗಲಿಲ್ಲ. “ತೊಯೊ ಅಕ್ಕ, ನೀವು ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಾನೊಂದು ಕೇಳ್ತೀನಿ. ಈ ಹಜಾರದಲ್ಲಿ ಕೊನೇ ಸಲ ಮಗು ಓಡಿದ್ದು ಯಾವಾಗ? ಹೋದ ವರ್ಷ ಊರಲ್ಲಿ ಹದಿಮೂರು ಸಾವು, ಹುಟ್ಟು ಒಂದೂ ಇಲ್ಲ. ಬೊಂಡಾಸ ಬತ್ತಿತು. ಊಟದಂಗಡಿ ಮುಚ್ಚಿತು. ಊರು ಸಾಯೋಕೆ ವಿಕಿರಣಾನೇ ಬೇಕು ಅಂತಿಲ್ಲ. ಸುಮ್ನೆ ಕೂತ್ರೂ ಸಾಯುತ್ತೆ.”

ಅಕ್ಕ ಮೆಲ್ಲಗೆ ಕೂತಳು.

ಆಗ ಚಿಗುಸಾ ಎದ್ದಳು. “ಹೊರಗಿನವರಿಗೆ ಮಾತಿಲ್ಲ” ಎಂದು ಯಾರೋ ಅಂದರು. “ಹೇಳ್ಲಿ ಬಿಡ್ರಿ, ನೋಡಿ ಬಂದೋರು ಅವರೊಬ್ಬರೇ” ಎಂದು ಇಸೊಗಾಯ್ ಅವರ ಬಾಯಿ ಮುಚ್ಚಿಸಿದ.

“ನಾನು ಹೇಳೋದು ಚಿಕ್ಕದು,” ಅಂದಳು. “ಅಲೆ ಬಂದ ಮಾರನೇ ದಿನ, ಬೆಳಿಗ್ಗೆಗೆ ಅಂತ ಎರಡು ಪಾವು ಅಕ್ಕಿ ನೀರಲ್ಲಿ ನೆನೆಹಾಕಿದ್ದೆ. ಎರಡು ದಿನಕ್ಕೆ ವಾಪಸ್ ಬರ್ತೀರಿ ಅಂತ ಬಸ್ಸಿಗೆ ಹತ್ತಿಸಿದ್ರು. ನಾಲ್ಕು ವರ್ಷದ ಮೇಲೆ, ಎರಡು ಗಂಟೆ ಮಾತ್ರ ಇರಬಹುದು ಅಂತ ಬಿಟ್ರು. ಮೈಯೆಲ್ಲ ಮುಚ್ಚೋ ಬಿಳಿ ಅಂಗಿ ಹಾಕ್ಕೊಂಡು ಹೋದೆ. ಅಡುಗೆಮನೇಲಿ ಪಾತ್ರೆ ಹಾಗೇ ಇತ್ತು. ಒಳಗೆ ಕಪ್ಪಗೆ, ಕಲ್ಲಿನ ಹಾಗೆ. ತೊಳೆಯೋಕೆ ಹೋದೆ. ನಲ್ಲೀಲಿ ನೀರಿರಲಿಲ್ಲ. ಅಷ್ಟೇ.” ಕೂತಳು.

ಆ ಕ್ಷಣದಲ್ಲೇ ಮತ ಹಾಕಿದ್ದರೆ ಏನಾಗುತ್ತಿತ್ತೋ. ಆದರೆ ಮಿನೆಜಿ ಗಂಟಲು ಸರಿಮಾಡಿಕೊಂಡ. ಮಾತು ಕಡಿಮೆಯವನು, ಯೋಚಿಸಿ ಆಡುವವನು ಎಂದು ಊರಲ್ಲಿ ಹೆಸರು.

“ಒಂದು ಮಾತು ನನಗೆ ತೋಚ್ತಿದೆ,” ಅಂದ. “ಪಾಪ, ಆಯಮ್ಮನ ಊರಲ್ಲಿ ಏನೋ ಆಯ್ತು. ನಮ್ಮ ಕಥೆ ಬೇರೆ. ಪೂಜಾರಿಗಳೇ ಹೇಳಿದ್ರಲ್ಲ, ಐವತ್ತು ವರ್ಷದ ಹಿಂದಿನ ತುಂಬು ಸುಳ್ಳು ಅಂತ. ಸುಳ್ಳಿನ ಮೇಲೆ ಕಟ್ಟಿದ್ದೇ ಐವತ್ತು ವರ್ಷ ಅಲುಗದೆ ನಿಂತಿದೆ. ಈ ಸಲ ನಮ್ಮ ಕಣ್ಣೆದುರೇ ಕೊಯ್ದು, ಮೋಸ ಇಲ್ಲದೆ ನೋಡಿದ್ವಿ. ದೇವರು ಬರಿದು ಅನ್ನಲಿಲ್ಲ, ನಡು ಅಂದ. ಹಾಗಾದ್ರೆ ಇದು ಅದಕ್ಕಿಂತ ಭದ್ರ ಅಂತಾಯ್ತಲ್ವಾ?”

ಯಾರಾದರೂ ನಗಲಿ ಎಂದು ಕಾದೆ. ಯಾರೂ ನಗಲಿಲ್ಲ. ಒಂದೊಂದೇ ತಲೆ ಆಡತೊಡಗಿತು, ಗಾಳಿಗೆ ಭತ್ತ ಬಾಗಿದಂತೆ. ನಾನು ಎದ್ದೆ. “ಮಿನೆಜಿ, ನಾನು ಹೇಳಿದ್ದರ ಅರ್ಥ ಅದಲ್ಲ,” ಅಂದೆ.

“ಅರ್ಥ ನಮಗೆ ಬಿಡಿ ಪೂಜಾರಿಗಳೇ,” ಅಂದ ಅವನು, ತುಂಬ ವಿನಯದಿಂದ. “ನೀವು ಓದೋದು, ನಾವು ಅರ್ಥ ಮಾಡ್ಕೊಳ್ಳೋದು. ಹಿಂದಿನಿಂದ ಹಾಗೇ ಅಲ್ವಾ?”

ಇಪ್ಪತ್ತಮೂರು ಕೈ ಎದ್ದವು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಸೊಗಾಯ್ ಎರಡು ಸಲ ಎಣಿಸಿದ. ಗೆದ್ದವನ ಮುಖ ಅದಾಗಿರಲಿಲ್ಲ.

ಮನೆಗೆ ಬರುವಾಗ ಅಕ್ಕ ನನ್ನ ಪಕ್ಕದಲ್ಲಿ ನಡೆದಳು. “ಗೆಣ್ಣು ಬಿಟ್ಟು ಕೊಯ್ದಿದ್ರೆ...” ಎಂದು ಅರ್ಧಕ್ಕೆ ನಿಲ್ಲಿಸಿದಳು. ಆಮೇಲೆ ಆ ಮಾತನ್ನು ಯಾವತ್ತೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಚಿಗುಸಾಳನ್ನು ನಾನೇ ಕೇಳಿದೆ. “ಹೋಗ್ತೀರಾ?”

“ಕಟ್ಟೋಕೆ ಹತ್ತು ವರ್ಷ ಹಿಡಿಯುತ್ತೆ ಅಂತಾರೆ. ಅಷ್ಟರಲ್ಲಿ ನಾನೇ ಇರಲ್ಲ ಬಿಡಿ,” ಅಂದಳು. ಆದರೆ ರಾತ್ರಿ ಅಕ್ಕಿ ನೆನೆಹಾಕುವುದನ್ನು ಬಿಟ್ಟಳು. ಬೆಳಿಗ್ಗೆ ಎದ್ದೇ ತೊಳೆದು ಬೇಯಿಸುತ್ತಿದ್ದಳು. ಅನ್ನ ಸ್ವಲ್ಪ ಗಟ್ಟಿಯಾಗುತ್ತಿತ್ತು.

ಮರುವರ್ಷದ ಹಬ್ಬ ಸುಮ್ಮನೆ ಕಳೆಯಿತು. ಅದರ ಮರುವರ್ಷ ಚಳಿಗಾಲದ ಹೊತ್ತಿಗೆ ಕಾಗೆಮೂಗಿನ ಹತ್ತಿರ ಹಡಗುಕಟ್ಟೆಗೆಂದು ಕಡಲಿನ ತಳಕ್ಕೆ ಉಕ್ಕಿನ ಕಂಬ ಬಡಿಯತೊಡಗಿದರು. ದೊಡ್ಡ ಸುತ್ತಿಗೆ ಏಳುವುದು ಕಾಣುತ್ತಿತ್ತು, ಬಿದ್ದ ಸದ್ದು ತಡವಾಗಿ ಬರುತ್ತಿತ್ತು. ಅದಕ್ಕೂ ಮೊದಲೇ ಅಂಗಾಲಿಗೆ ತಿಳಿಯುತ್ತಿತ್ತು. ಬಂಡೆಯ ಪಾಚಿ ಆ ವರ್ಷ ಬೇರು ಕಿತ್ತು ದಡಕ್ಕೆ ಬಂದು ಬಿತ್ತು. ಅಕ್ಕ ಅದನ್ನು ಕೊಯ್ಯಲಿಲ್ಲ, ಕುಕ್ಕರುಗಾಲಲ್ಲಿ ಕೂತು ಆರಿಸಿಕೊಂಡಳು.

ಹದಿನೈದರ ಬೆಳಿಗ್ಗೆ ಜನ ಬಹಳ ಬಂದಿದ್ದರು. ಕೆಲಸಕ್ಕೆ ಬಂದ ಹೊಸ ಮುಖಗಳೂ ಇದ್ದವು, ಇಬ್ಬರು ಮಕ್ಕಳೂ ಇದ್ದರು. ಇಸೊಗಾಯ್ ಆ ಮಕ್ಕಳನ್ನೇ ನೋಡುತ್ತ ನಿಂತಿದ್ದ. ಎಲ್ಲರೆದುರೇ ಒಂಬತ್ತು ಕೊಳವೆ ಕೊಯ್ದೆ, ನೇರವಾಗಿ, ಒಂದೇ ಅಳತೆಗೆ. ಕಡಾಯಿಗೆ ಬಿಡಲು ಬಗ್ಗಿದಾಗ ಕಂಡೆ. ಗಂಜಿ ಇನ್ನೂ ಕುದಿಯುತ್ತಿರಲಿಲ್ಲ. ಆದರೂ ಅದರ ಮೇಲೆ ಬಳೆಯಂಥ ಸಣ್ಣ ಸುತ್ತುಗಳು ನಡುವಿನಿಂದ ಅಂಚಿಗೆ ಓಡುತ್ತಿದ್ದವು. ನಿಲ್ಲುತ್ತಿದ್ದವು, ಮತ್ತೆ ಓಡುತ್ತಿದ್ದವು. ಕಾಗೆಮೂಗಿನಲ್ಲಿ ಸುತ್ತಿಗೆ ಬಿದ್ದಾಗಲೆಲ್ಲ. ಎದುರು ಸೌಟು ಹಿಡಿದ ಚಿಗುಸಾಳೂ ಅದನ್ನು ನೋಡುತ್ತಿದ್ದಳು.

ಕುದಿ ಬಂತು. ಬಿಟ್ಟೆ. ಹೊತ್ತಾಯಿತು. ಎತ್ತಿದೆ.

ಅಲುಗಿಸಿ ಅಲುಗಿಸಿ ಅಳೆದ ಸೇರಿನಲ್ಲಿ ಕಾಳು ಹೆಚ್ಚು ಹಿಡಿಯುತ್ತದೆ ಎಂದು ಅಂಗಡಿಯವನಿಗೂ ಗೊತ್ತು. ಅದನ್ನು ಹೇಳಬಹುದಿತ್ತು. ಆದರೆ ದೇವರು ಯಾವ ಕೈಯಿಂದ ತುಂಬಿಸುತ್ತಾನೆ ಎಂದು ಹೇಳಲು ನಾನು ಯಾರು? ಹಿಂದೆ ಒಮ್ಮೆ ವಿವರಿಸಲು ಹೋಗಿ ಏನಾಯಿತೆಂದು ಕಂಡಿದ್ದೆ. ಕಂಡದ್ದನ್ನು ಕಂಡಂತೆ ಓದುತ್ತೇನೆ ಎಂದು ಅವನ ಮುಂದೆ ಮಾತು ಕೊಟ್ಟಿದ್ದೆ. ಒಂದೊಂದನ್ನೇ ಸೀಳಿ ಓದಿದೆ.

“ಬೂತಾಯಿ, ತುಂಬು. ಬಂಗುಡೆ, ತುಂಬು. ಬೊಂಡಾಸ, ತುಂಬು.”

ಜನರಲ್ಲಿ ಗುಜುಗುಜು ಎದ್ದಿತು. ಪಾಚಿ, ಭತ್ತ, ಜವೆ, ಮೂಲಂಗಿ. ಗಾಳಿ. ಕೊನೆಯದನ್ನು ಸೀಳಿದೆ. ಬಿಳಿ ಗಂಜಿ ಬಾಯಿಯವರೆಗೆ ಏರಿತ್ತು, ನಡುವೆ ಕೆಂಪು ಕಾಳು.

“ಕಡಲು, ತುಂಬು.”

“ನಮ್ಮ ತಾತನ ಕಾಲದಲ್ಲೂ ಹೀಗೆ ಬಂದಿರಲಿಲ್ಲ,” ಎಂದು ಮಿನೆಜಿ ಕೈ ಮುಗಿದ. ಚಪ್ಪಾಳೆ ಬಿತ್ತು. ಯಾರೋ ಸಾಕೆ ತರಲು ಓಡಿದರು. ಮಕ್ಕಳು ಕಲ್ಲಿನ ಸಿಂಹದ ಬೆನ್ನೇರಿದರು.

ತನ್ನೂರಲ್ಲೂ ಒಮ್ಮೆ ಎಲ್ಲ ಬಿದಿರು ತುಂಬಿದ್ದನ್ನು ಕಂಡಿದ್ದ ಚಿಗುಸಾ ಸೌಟನ್ನು ಕಡಾಯಿಯ ಅಂಚಿಗೆ ಮೆಲ್ಲಗೆ ಒರಗಿಸಿದಳು. ಬಂದವರಿಗೆಲ್ಲ ಗಂಜಿ ಬಡಿಸುವುದು ಅವಳ ಕೆಲಸ. ಅವತ್ತು ಅಕ್ಕ ಬಡಿಸಿದಳು. ನಾನು ಹಲಗೆಯ ಮೇಲೆ ಒಂಬತ್ತು ಸಲ ಒಂದೇ ಪದ ಬರೆದು, ಮಸಿ ಆರಲೆಂದು ಕಾದು, ಬಾಗಿಲಿಗೆ ತೂಗಹಾಕಿ ಬರುವಷ್ಟರಲ್ಲಿ ಅವಳು ಹಿಂದಿನ ಕೋಣೆಯಿಂದ ಹೊರಗೆ ಬಂದಿದ್ದಳು. ಕೈಯಲ್ಲಿ ಒಂದೇ ಗಂಟು. ಏಳು ಮತ್ತೆರಡು, ಒಂಬತ್ತು ವರ್ಷ ಇದ್ದವಳ ಗಂಟು ಅಷ್ಟು ಚಿಕ್ಕದು.

“ಮಾರ್ಚ್‌ವರೆಗಾದ್ರೂ ಇರಿ,” ಅಂದಳು ಅಕ್ಕ, ಗಂಜಿ ಬಡಿಸುವ ಕೈ ನಿಲ್ಲಿಸಿ.

“ಇಲ್ಲ ಅಕ್ಕ,” ಅಂದಳು ಚಿಗುಸಾ. ವಾಡಿಕೆಯಂತೆ ದೇವರ ಕಡೆಗೆ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿದಳು. ಆಮೇಲೆ ನನ್ನ ಕಡೆಗೂ ಬಾಗಿದಳು. “ಮುಸುರೆ ಪಾತ್ರೆ ಒಂದೂ ಇಲ್ಲ ಪೂಜಾರಿಗಳೇ, ಎಲ್ಲ ತೊಳೆದಿಟ್ಟಿದೀನಿ. ಇವತ್ತು ರಾತ್ರಿ ಏನೂ ನೆನೆಹಾಕ್ಬೇಡಿ.”

ಮೆಟ್ಟಿಲಿಳಿದು ಹೋದಳು. ಅವಳ ಹಿಂದೆ, ಕಾಗೆಮೂಗಿನಲ್ಲಿ, ಸುತ್ತಿಗೆ ಏಳುವುದು ಕಂಡಿತು. ಸದ್ದು ಬರುವುದನ್ನು ಕಾಯುತ್ತ ನಾನು ಗುಡಿಯ ಬಾಗಿಲಲ್ಲೇ ನಿಂತೆ.